ವಿಷಯ: ಕೋವಿ ಮಾರುವ ಬಗ್ಗೆ

ಡಿ.ಸಿ. ಆಫೀಸಿನ ಕಾಂಪೌಂಡಿಗೆ ಒರಗಿದ
ನನ್ನ ಟೈಪ್ ಮಿಷನ್ನಿನ ಮುಂದೆ
ಬಸವಣ್ಯಪ್ಪ ಬಂದು ಕೂತಾಗ
ಹನ್ನೊಂದು ಗಂಟೆ. ಇನ್ನೂ ಬೋಣಿ ಆಗಿರಲಿಲ್ಲ.

'ರೈಟರಮ್ಮ, ಕೋವಿ ಮಾರಬೇಕು' ಅಂದರು,
ಎಮ್ಮೆ ಮಾರಬೇಕು ಅನ್ನುವ ದನಿಯಲ್ಲಿ.
ಪಕ್ಕದ ಜೆರಾಕ್ಸ್ ಹುಡುಗ ತಲೆ ಎತ್ತಿದ.

ಮಿರಜಿನ ಒಂದು ಬ್ಯಾಂಕಿನ ಬಾಗಿಲಲ್ಲಿ
ಇಪ್ಪತ್ತೆರಡು ವರ್ಷ ಸ್ಟೂಲಿನ ಮೇಲೆ ಕೂತವರು.
ಕೆಲಸ ಸಿಕ್ಕಿದ್ದು ಮೀಸೆಗಲ್ಲ, ಮಿಲಿಟರಿ ಕಾಗದಕ್ಕಲ್ಲ,
ಸ್ವಂತದ ಡಬಲ್ ಬ್ಯಾರಲ್ಲಿಗೆ;
ಅದರ ಹಿಂದೆ ಇವರು ಹೋದರು
ಎತ್ತಿನ ಹಿಂದೆ ಗಾಡಿ ಹೋದ ಹಾಗೆ.
ಈಗ ಆ ಬಾಗಿಲಿಗೆ ಕ್ಯಾಮೆರಾ ಬಂದಿದೆ,
ಇವರು ಶಿವಮೊಗ್ಗೆಗೆ,
ಸೀಗೆಹಟ್ಟಿಯಲ್ಲಿ ಹೆಂಡತಿಯ ತಮ್ಮನ ಮಹಡಿಗೆ.
ಕೋವಿ ದೊಡ್ಡಪೇಟೆ ಠಾಣೆಯಲ್ಲಿ ಠೇವಣಿ.
ರಸೀದಿ ಪ್ಲಾಸ್ಟಿಕ್ ಕವರಿನಲ್ಲಿ,
ಕವರು ಜೇಬಿನಲ್ಲಿ, ಜೇಬಿಗೆ ಪಿನ್ನು.

ಗಿರಾಕಿಯೂ ಇದ್ದಾರೆ: ಕೋಣಂದೂರಿನ ಗ್ರೆಗರಿ ಮಿನೇಜಸ್.
ಏಲಕ್ಕಿಗೆ ಬರುವ ಮಂಗಗಳನ್ನು ಸದ್ದಿನಿಂದ ಬೆದರಿಸಲು
ಬೆಳೆ ರಕ್ಷಣೆಯ ಲೈಸೆನ್ಸು, ಇನ್ನೆರಡು ವರ್ಷ ಬಾಳಿಕೆ.
'ಮಾಲಿದೆ, ಮಾರೋನಿದ್ದೀನಿ, ಕೊಳ್ಳೋರಿದಾರೆ,
ಮತ್ತೇನು ತೊಡಕು?'

ಈ ಗೋಡೆಯ ಬುಡದಲ್ಲಿ ಕಲಿತ ಕಾನೂನನ್ನು
ಬೆಳ್ಳುಳ್ಳಿಯಂತೆ ಬಿಡಿಸಿಟ್ಟೆ:
ಪುಸ್ತಕ ಸಾಂಗ್ಲಿ ಜಿಲ್ಲೆಯದು, ನೀವು ಸೀಗೆಹಟ್ಟಿಯವರು.
ಅಲ್ಲಿನ ರಿಜಿಸ್ಟರಿನಿಂದ ಇಳಿಯಬೇಕು,
ಇಲ್ಲಿನ ರಿಜಿಸ್ಟರಿಗೆ ಹತ್ತಬೇಕು,
ನಡುವೆ ಒಂದು ನಿರಾಕ್ಷೇಪಣಾ ಪತ್ರ.
ಕೊಳ್ಳುವವನಿಗೆ ಲೈಸೆನ್ಸು ಇರಬೇಕು, ಸರಿ;
ಮಾರುವವನಿಗೆ ಅದಕ್ಕೂ ಮೊದಲು
ಒಂದು ಊರು ಇರಬೇಕು.

'ನಾನು ಶಿರಾಳಕೊಪ್ಪದಲ್ಲಿ ಹುಟ್ಟಿದವನು.'
ಹುಟ್ಟಿದ್ದಕ್ಕೆ ಕಾಲಂ ಇಲ್ಲ.
'ಸುಮ್ಮನೆ ಕೊಟ್ಟುಬಿಟ್ಟರೆ?'
ದಾನಕ್ಕೂ ಕಾಗದ ಬೇಕು.
'ತುಂಗೆಗೆ ಎಸೆದರೆ?'
ಆಗ ಹೊಳೆಗೂ ಲೈಸೆನ್ಸು ಕೇಳುತ್ತಾರೆ.
ನಕ್ಕರು. ಹಲ್ಲು ಕಡಿಮೆ ಇದ್ದವು.

ಸಾಂಗ್ಲಿಗೆ ಬರೆದೆವು, ಮೂರು ಸಲ, ರಿಜಿಸ್ಟರ್ ಪೋಸ್ಟು.
ಒಂದು ಮಳೆಗಾಲ ಹೋಯಿತು, ಒಂದು ಎಲೆಕ್ಷನ್ನು ಬಂದು ಹೋಯಿತು.
ಕೊನೆಗೆ ಉತ್ತರ, ಮರಾಠಿಯಲ್ಲಿ.
ಇಲ್ಲಿನ ಗುಮಾಸ್ತ 'ಇದ್ಯಾರ ಜಾತಕ?' ಅಂತ
ವಾಪಸು ತಳ್ಳಿದ.
ಬಸವಣ್ಯಪ್ಪ ನಿಂತೇ ಓದಿ ಹೇಳಿದರು,
ನಾನು ಕನ್ನಡಕ್ಕೆ ಬಡಿದೆ. ನೋಟರಿ, ಸೀಲು, ಮತ್ತೆ ಸೀಲು.
ಒಂದೇ ಮಾತಿನ ಹತ್ತಿರ ಅವರು ತಡೆದರು:
ಮಾಜಿ ರಹಿವಾಸಿ.
'ಅದೂ ಮಾಜಿನಾ' ಅಂದರು,
ನನಗಲ್ಲ, ಕಾಗದಕ್ಕೆ.

ಇಲ್ಲಿನ ಫಾರಮ್ಮಿನ ಕೊನೆಯಲ್ಲಿ
ಮಾರಲು ಕಾರಣ.
ಏನು ಹಾಕಲಿ ಅಂದೆ.
ಅವರು ಹೇಳತೊಡಗಿದರು:
ಒಂದು ಸಲವೂ ಹಾರಿಸಿಲ್ಲ,
ಒಂದೇ ಸಲ ಬೆರಳು ಕುದುರೆಗೆ ಹೋಗಿತ್ತು,
ಸಂಬಳದ ದಿನ, ತುಂಬಾ ಜನ,
ಒಬ್ಬ ಹುಡುಗ ಬ್ಯಾಗಿಗೆ ಗಬಕ್ಕನೆ ಕೈ ಹಾಕಿದ,
ತೆಗೆದದ್ದು ಟಿಫನ್ ಡಬ್ಬಿ,
ಕ್ಯಾಷ್ ಕೌಂಟರಿನ ಅಮ್ಮನಿಗೆ ತಂದ ಊಟ.
ಯಾರೂ ನೋಡಲಿಲ್ಲ. ಹುಡುಗ ನೋಡಿದ್ದ.
ಆಮೇಲೆ ಬಂದಾಗಲೆಲ್ಲ ನಮಸ್ಕಾರ ಮಾಡುತ್ತಿದ್ದ
ದೂರದಿಂದ.

ಜಾಗ ಇದ್ದದ್ದು ಒಂದೂವರೆ ಇಂಚು.
'ವಯೋಸಹಜ' ಅಂತ ಹೊಡೆದೆ.

ನಿನ್ನೆ ಅನುಮತಿ ಬಂತು. ಸೋಮವಾರ
ಗ್ರೆಗರಿ ಜೀಪು ತರುತ್ತಾರಂತೆ.
ಇವತ್ತು ಬಸವಣ್ಯಪ್ಪ ಮತ್ತೆ ನನ್ನ ಮುಂದೆ.
ಕೈಯಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆಯ ಶೀಶೆ,
ಹಳೇ ಪಂಚೆಯ ತುಂಡು.
'ಕೊಡೋಕ್ಕೆ ಮುಂಚೆ ಒಂದು ಸಲ ಒರೆಸಬೇಕು,
ಅರ್ಧ ಗಂಟೆ, ಪೊಲೀಸರ ಮುಂದೇನೇ.
ಅದಕ್ಕೆ ಯಾವ ಫಾರಂ?'

ಅದಕ್ಕೆ ಫಾರಂ ಇಲ್ಲ.
ಬಿಳಿ ಹಾಳೆ ಸಿಕ್ಕಿಸಿದೆ.
ಇವರಿಗೆ: ಠಾಣಾಧಿಕಾರಿಗಳು, ದೊಡ್ಡಪೇಟೆ.
ಇವರಿಂದ: ಅಂತ ಬಡಿದು
ವಿಳಾಸ ಹೇಳಿ ಅಂದೆ.

ಅವರು ಬಾಯಿ ತೆರೆದು,
ಮುಚ್ಚಿ,
ಶೀಶೆಯ ಮುಚ್ಚಳ ಇನ್ನೊಂದು ಸುತ್ತು ಬಿಗಿ ಮಾಡಿದರು.